ಕತ್ತರಿಸಿಟ್ಟ ಉಸಿರು

ಹಾಡು ಕಲಿಸುವವಳ ಹೊಟ್ಟೆಯಲ್ಲಿ ಹುಟ್ಟಿ ಮಗಳು ಸದ್ದು ಪೇರಿಸಿಕೊಂಡು ಕೂತಳಲ್ಲ ಎಂಬುದು ಅಮ್ಮನ ಹಳೆಯ ಕೊರಗು. ಬಾಗಿಲ ಕಿರುಗುಟ್ಟುವಿಕೆ, ನಲ್ಲಿಯ ತೊಟತೊಟ, ಲಿಫ್ಟಿನ ಗೊಣಗಾಟ ಎಲ್ಲವನ್ನೂ ಮಗಳು ಮೈಕಿನಲ್ಲಿ ಹಿಡಿದು, ಕಂಪ್ಯೂಟರಿನಲ್ಲಿ ಹಿಗ್ಗಿಸಿ, ಕುಗ್ಗಿಸಿ, ಪೋಣಿಸಿ ಕೃತಿ ಕಟ್ಟುತ್ತಿದ್ದಳು. ಮಗಳಿಗೆ ಏನು ಕೆಲಸ ಎಂದು ಯಾರಾದರೂ ಕೇಳಿದರೆ ಅಮ್ಮ ‘ರಿಪೇರಿ’ ಎಂದು ಮಾತು ಮುಗಿಸುತ್ತಿದ್ದಳು. ಇದೂ ಸಂಗೀತ ಎಂದು ಆ ಬಾಯಲ್ಲಿ ಒಮ್ಮೆ ಬರಬೇಕು. ಮಗಳಿಗೆ ಇದ್ದದ್ದು ಅದೊಂದೇ ಆಸೆ.

ಹಿಂದೆ ಅವಳು ಧ್ವನಿಮುದ್ರಣ ಸ್ಟುಡಿಯೋದಲ್ಲಿದ್ದಳು. ಸಾಲುಗಳ ನಡುವೆ ಗಾಯಕರು ಎಳೆದುಕೊಳ್ಳುವ ಉಸಿರನ್ನು ಕತ್ತರಿಸಿ ಹಾಡನ್ನು ನಯಮಾಡುವ ಕೆಲಸ. ಅಮ್ಮ ಹಾಡಿ ಮುದ್ರಿಸಿದ ಪಾಠಗಳೂ ಅವಳ ಕೈಗೇ ಬಂದಿದ್ದವು. ಕತ್ತರಿಸಿದಳು, ಆದರೆ ಎಸೆಯಲು ಮನಸ್ಸಾಗಲಿಲ್ಲ. ಹೊಸ ಕೃತಿಯಲ್ಲಿ ಇದ್ದದ್ದು ಆ ಉಸಿರುಗಳಷ್ಟೇ. ಅಮ್ಮನಿಗೆ ಇದನ್ನು ಹೇಳಿರಲಿಲ್ಲ.

ಪ್ರದರ್ಶನದ ಸಂಜೆ ಸಭಾಂಗಣದ ಸುತ್ತ ಸ್ಪೀಕರುಗಳು, ನಟ್ಟನಡುವೆ ಅವಳ ಮೇಜು. ಪ್ರತಿ ಸ್ಪೀಕರಿಗೂ ಮೇಜಿನ ಮೇಲೊಂದು ಜಾರುವ ಗುಂಡಿ; ಮೇಲೆ ಜಾರಿಸಿದರೆ ಸದ್ದು ಏರುತ್ತದೆ, ಕೆಳಗೆ ಜಾರಿಸಿದರೆ ಅಡಗುತ್ತದೆ. ನಿದ್ದೆ ಬಂದರೆ ತಿವಿ ಎಂದು ಮುಂದಿನ ಸಾಲಿನಲ್ಲಿ ಅಮ್ಮ ಚಿಕ್ಕಮ್ಮನಿಗೆ ಹೇಳಿದ್ದು ಅಲ್ಲಿಯವರೆಗೂ ಕೇಳಿಸಿತು.

ದೀಪ ಆರಿತು. ಉಸಿರುಗಳು ಗೋಡೆಯಿಂದ ಗೋಡೆಗೆ ಸುಳಿದಾಡಿದವು. ಆಮೇಲೆ ಹಿಂದಿನಿಂದ ಒಂದು ಉಸಿರು, ಹೊಟ್ಟೆಯ ಆಳದಿಂದ ಎಳೆದದ್ದು, ತಾರಸ್ವರಕ್ಕೆ ಮುಂಚಿನದು. ಅಮ್ಮನ ಜೀವಮಾನವಿಡೀ ಆ ಉಸಿರಿನ ಬೆನ್ನಿಗೆ ಸ್ವರ ಬಾರದೆ ಇದ್ದದ್ದೇ ಇಲ್ಲ.

ಅಮ್ಮ ತನಗರಿವಿಲ್ಲದೆ ಬಾಯಿ ತೆರೆದು ಹಾಡಿಬಿಟ್ಟಳು.

ಮಗಳ ಕೈ ಗುಂಡಿಗಳ ಮೇಲೆ ನಿಂತಿತು. ಮೇಲೆ ಜಾರಿಸಿದರೆ ಅಮ್ಮನ ದನಿ ಮುಳುಗುತ್ತಿತ್ತು, ಕೃತಿ ಬರೆದಂತೆಯೇ ಸಾಗುತ್ತಿತ್ತು. ಅವಳು ಎಲ್ಲವನ್ನೂ ಕೆಳಗೆಳೆದಳು.

ಕತ್ತಲಲ್ಲಿ ಆ ಸ್ವರ ಒಂದೇ ನಿಂತಿತು. ವಯಸ್ಸಾದ ದನಿ, ಕೂದಲೆಳೆಯಷ್ಟೂ ಜಾರಲಿಲ್ಲ. ಆಮೇಲೆ ಅರಿವಾಗಿ ಅಮ್ಮ ಥಟ್ಟನೆ ನಿಲ್ಲಿಸಿದಳು. ಮಗಳು ಮೆಲ್ಲನೆ ಸ್ಪೀಕರಿನಲ್ಲಿ ಮುಂದಿನ ಉಸಿರನ್ನು ಕೇಳಿಸಿ, ಸ್ವರಕ್ಕೆ ಜಾಗ ಬಿಟ್ಟು ಕಾದಳು. ಈ ಸಲ ಅಮ್ಮ ಬೇಕೆಂದೇ ಹಾಡಿದಳು.

ಹೊರಗೆ ಬಂದಾಗ ಒಬ್ಬ ವಿಮರ್ಶಕ, ಅಷ್ಟು ನಿಜವಾದ ದನಿ ಯಾವ ಸ್ಪೀಕರಿನದು ಎಂದು ಕೇಳಿದ.

“ಸ್ಪೀಕರ್ ಅಲ್ಲಪ್ಪ, ನಾನು,” ಎಂದಳು ಅಮ್ಮ.

ಚಿಕ್ಕಮ್ಮ ಬಿಡಲಿಲ್ಲ. “ಏನಕ್ಕಾ, ರಿಪೇರಿ ಕೆಲಸ ಅಂತಿದ್ದೆ?”

“ಸುಮ್ನಿರೇ. ಸಂಗೀತ ಮಾಡ್ತಾಳೆ ನನ್ನ ಮಗಳು. ಇನ್ನೊಬ್ಬರ ಸ್ವರಕ್ಕೆ ಜಾಗ ಬಿಡೋದು ನನ್ನ ಶಿಷ್ಯರಿಗೇ ಇನ್ನೂ ಬಂದಿಲ್ಲ.”

ಮೆಟ್ಟಿಲಿಳಿಯುವಾಗ ಮಗಳ ತೋಳು ಹಿಡಿದು ದನಿ ತಗ್ಗಿಸಿದಳು. “ಮುಂದಿನ ಸಲ ಮೊದಲೇ ಹೇಳೇ. ಗಂಟಲು ಸರಿಮಾಡ್ಕೊಂಡು ಬರ್ತೀನಿ.”