ಎಲ್ಲ ಸರಿ ಎಂದ ಸೊನ್ನೆ

ಕಂಪ್ಯೂಟರ್ ರಿಪೇರಿಯಲ್ಲಿ ದಾಂಡೇಲಿಗೆ ತಾನೊಬ್ಬನೇ ಜಾಣ ಎಂಬ ಜಂಬ ಜಾಹಿದನಿಗಿತ್ತು. ಅಣ್ಣ ದಿಲಾವರ ದುಡಿಯುತ್ತಿದ್ದ ಸಣ್ಣ ರಟ್ಟಿನ ಕಾರ್ಖಾನೆಯಲ್ಲಿ, ರದ್ದಿ ನೆನೆಯುವ ಗುಂಡಿಯಿಂದ ವಿಷಗಾಳಿ ಎದ್ದರೆ ಸೈರನ್ ಕೂಗಿಸುವ ಹಳೇ ಕಂಪ್ಯೂಟರೊಂದಿತ್ತು. ಅದು ಕೆಟ್ಟಾಗ ಡಿಸ್ಕ್ ಕಳಚಿ ಹೊಸ ಮಷೀನಿಗೆ ಹಾಕಿದವನೂ ಇವನೇ. ಗೋಡೆಯ ಬಟನ್ ಒತ್ತಿದ, ಸೈರನ್ ಕೂಗಿತು, ಚಹಾ ಕುಡಿದು ಬಂದ.

ವಾರದ ಮೇಲೆ ಒಂದು ಮಧ್ಯಾಹ್ನ, ಊಟ ಮುಗಿಸಿ ಅಂಗಡಿಯಲ್ಲಿ ಅದೇ ಜಾತಿಯ ಮಷೀನು ಬಿಚ್ಚಿಕೊಂಡು ಕೂತಾಗ ತನ್ನ ತಪ್ಪು ಗೊತ್ತಾಯಿತು. ಮಷೀನು ಎಚ್ಚರಾದೊಡನೆ ಪುಟ್ಟ ಪ್ರೋಗ್ರಾಮೊಂದು ತಂತಿಗಳನ್ನೆಲ್ಲ ತಪಾಸಣೆ ಮಾಡಿ, ಒಂದು ಅಂಕಿ ಒಪ್ಪಿಸಿ ಹೊರಡುತ್ತದೆ. ಸೊನ್ನೆ ಎಂದರೆ ಎಲ್ಲ ಸರಿ. ಹಳೇ ಮಷೀನು ಅಂಕಿ ಯಾವುದೇ ಇರಲಿ, ಮುಂದೆ ಗುಂಡಿ ಕಾದು ಸೈರನ್ ಕೂಗಿಸುವ ಪ್ರೋಗ್ರಾಮನ್ನು ಎಬ್ಬಿಸುತ್ತಿತ್ತು. ಹೊಸದರ ಚಾಳಿ ಬೇರೆ. ಅಂಕಿ ತಪ್ಪಾಗಿದೆ ಎಂದರೆ ಮಾತ್ರ ಮುಂದಿನ ಪ್ರೋಗ್ರಾಮನ್ನು ಕರೆಯುತ್ತದೆ. ಸೊನ್ನೆ ಕಂಡರೆ ಕೆಲಸ ಮುಗಿಯಿತೆಂದು ತೆಪ್ಪಗಾಗುತ್ತದೆ. ತಾನು ಒತ್ತಿ ನೋಡಿದ ಗೋಡೆಯ ಬಟನ್ನಿನ ತಂತಿ ನೇರ ಸೈರನ್ನಿಗೇ ಹೋಗುತ್ತಿತ್ತು, ಕಂಪ್ಯೂಟರನ್ನು ಮುಟ್ಟುತ್ತಲೇ ಇರಲಿಲ್ಲ. ಅಂದರೆ ವಾರದಿಂದ ಆ ಗುಂಡಿಯನ್ನು ಯಾರೂ ಕಾಯುತ್ತಿರಲಿಲ್ಲ.

ಕೂಡಲೇ ಫೋನ್ ಹಚ್ಚಿದ. ಅಣ್ಣ ಫೋನ್ ಎತ್ತಲಿಲ್ಲ. ಬೈಕಿನ ಕೀ ಹಿಡಿದು ಏಳುವಷ್ಟರಲ್ಲಿ ಬಾಗಿಲಲ್ಲಿ ದಿಲಾವರನೇ ನಿಂತಿದ್ದ. ಮೈತುಂಬ ರದ್ದಿಯ ರಾಡಿ, ಮುಖ ಮಾತ್ರ ಸುಣ್ಣದಂತೆ ಬೆಳ್ಳಗೆ.

“ಎಲ್ಲಾ ಸರಿ ಐತಿ. ನೀ ಬರೂದು ಬ್ಯಾಡ, ಇಲ್ಲೇ ಕೂಡು,” ಅಂದ.

ಹೋದ ಜೀವ ಬಂದಂತಾಗಿ ಜಾಹಿದ ಕೂತ. ಫೋನ್ ಯಾಕೆ ಎತ್ತಲಿಲ್ಲವೆಂದು ಅಣ್ಣನನ್ನು ಬೈದ, ಚಹಾ ಬಗ್ಗಿಸಿಕೊಟ್ಟ. ದಿಲಾವರ ಲೋಟ ಮುಟ್ಟಲಿಲ್ಲ. ನಮ್ಮ ಕಡೆ ಜಗಳಾಡಿ ಏಳುವವನೂ “ಬರ್ತೇನಿ” ಎಂದೇ ಹೊಸ್ತಿಲು ದಾಟುತ್ತಾನೆ; ದಿಲಾವರ ಏನೂ ಹೇಳದೆ ಹೋದ. ಅವನು ನಿಂತಿದ್ದ ನೆಲದ ಮೇಲೆ ಒಂದು ಹನಿ ರಾಡಿಯೂ ಬಿದ್ದಿರಲಿಲ್ಲ. ಜಾಹಿದ ಬಾಗಿ ಅಂಗೈಯಿಂದ ನೆಲ ಸವರಿ ನೋಡಿದ, ಒಣಗಿತ್ತು.

ಆಗ ಕಾರ್ಖಾನೆಯಿಂದ ಫೋನ್ ಬಂತು.

ಗುಂಡಿಯ ಪಕ್ಕದಲ್ಲಿ ಎರಡು ಹೆಣ ಮಲಗಿಸಿದ್ದರು. ಒಂದು ದಿಲಾವರನದು. ಇನ್ನೊಂದು, ಅವನನ್ನು ಎತ್ತಲು ಇಳಿದ ಜೊತೆಗಾರ ದಿನೇಶನದು. ದಿಲಾವರ ಊಟದ ಹೊತ್ತಿಗೂ ಮೊದಲೇ ಬಿದ್ದಿದ್ದನಂತೆ, ಸೈರನ್ ಕೂಗಲೇ ಇಲ್ಲವಂತೆ. ಮೂಗಿಗೆ ಅರಿವೆ ಕಟ್ಟಿಕೊಂಡಿದ್ದ ಮಿಸ್ತ್ರಿ ಚನಬಸಪ್ಪ ಜಾಹಿದನ ಹೆಗಲು ಹಿಡಿದ.

“ನೀ ಆಗ ಬರದಿದ್ದುದು ಚಲೋ ಆತು ತಮ್ಮಾ. ಬಂದಿದ್ರ ನೀನೂ ಇಳೀತಿದ್ದಿ.”

ಇಳಿಯುತ್ತಿದ್ದ, ಅದರಲ್ಲಿ ಸಂಶಯವಿಲ್ಲ. ತನ್ನನ್ನು ಕೊಂದ ತಮ್ಮನನ್ನೇ ಉಳಿಸಲು ಅಣ್ಣ ಅಷ್ಟು ದೂರ ಬಂದಿದ್ದ. ಜಾಹಿದ ಬಿಕ್ಕಿ ಬಿಕ್ಕಿ ಅತ್ತ. ಗೇಟಿನ ಹತ್ತಿರ ದಿನೇಶನ ಹೆಂಡತಿ ನೀಲಾ ಎದೆ ಬಡಿದುಕೊಳ್ಳುತ್ತಿದ್ದಳು. ಅವಳ ಗಂಡನಿಗೆ ಇಳಿಯಬೇಡ ಎಂದು ಹೇಳಲು ಯಾರೂ ಬಂದಿರಲಿಲ್ಲ.