ಚಿನ್ನದ ಮಣಿಯ ಮೇಲಿನ ಸಾಲುಗಳು

ನಾನು ಹುಟ್ಟಿದ್ದು ಬೆಂಕಿಯಲ್ಲಿ. ಅದಕ್ಕೂ ಮೊದಲು ಬರೀ ಒಂದು ಚಿನ್ನದ ತಂತಿಯ ತುದಿಯಾಗಿದ್ದೆ. ಧಾರವಾಡದ ಒಂದು ಪ್ರಯೋಗಾಲಯದಲ್ಲಿ ಶಿವಲೀಲಾ ಎಂಬ ಸಂಶೋಧನಾ ವಿದ್ಯಾರ್ಥಿನಿ ಆ ತುದಿಯನ್ನು ಹೈಡ್ರೋಜನ್ ಜ್ವಾಲೆಗೆ ಹಿಡಿದಳು. ನಾನು ಕರಗಿ, ಮುದುಡಿ, ಜೋಳದ ಕಾಳಿನಷ್ಟು ಮಣಿಯಾಗಿ ಜೋತುಬಿದ್ದೆ. ತಣ್ಣಗಾದಾಗ ಮೈಯ ಒಂದು ಕಡೆ ಕನ್ನಡಿಯಂಥ ಚಿಕ್ಕ ಬಯಲು ಮೂಡಿತ್ತು. ಅದೇ ನನ್ನ ಮುಖ.

ಆ ಮುಖಕ್ಕಾಗಿ ಪಟ್ಟ ಪಾಡು ಅಷ್ಟಿಷ್ಟಲ್ಲ. ಪ್ರತಿ ಪ್ರಯೋಗಕ್ಕೂ ಮುಂಚೆ ಆಸಿಡ್ಡಿನಲ್ಲಿ ಮುಳುಗಬೇಕು, ಮತ್ತೆ ಬೆಂಕಿಯಲ್ಲಿ ಕೆಂಪಗೆ ಕಾಯಬೇಕು. ಆಮೇಲೆ ಅಯೋಡೈಡ್ ಉಪ್ಪು ಬೆರೆಸಿದ ನೀರು. ವೋಲ್ಟೇಜ್ ಏರಿಸಿದರೆ ನೀರಿನಲ್ಲಿ ಕರಗಿದ ಉಪ್ಪಿನ ವಿದ್ಯುತ್ ಕಣಗಳು, ಅಂದರೆ ಅಯಾನುಗಳು, ದಂಡೆತ್ತಿ ಬಂದವರಂತೆ ನನ್ನ ಮೇಲೆ ಬಿದ್ದು, ಒಂದನ್ನೊಂದು ಒತ್ತರಿಸಿ ಜಾಗ ಹಿಡಿಯುತ್ತಿದ್ದವು. ಮೇಲಿನಿಂದ ಇಳಿದ ಒಂದು ಸೂಜಿ ಮುಟ್ಟಿಯೂ ಮುಟ್ಟದಂತೆ ಅವುಗಳ ಮೇಲೆ ಸುಳಿದು, ಸಿಕ್ಕ ಉಬ್ಬುತಗ್ಗುಗಳನ್ನು ಕಂಪ್ಯೂಟರ್ ಪರದೆಗೆ ಚಿತ್ರವಾಗಿ ಕಳಿಸುತ್ತಿತ್ತು. ಹೊರಗೆ ಲಾರಿ ಹೋದರೆ ಸೂಜಿ ಅದುರಿ ನನ್ನ ಕೆನ್ನೆಗೆ ಚುಚ್ಚುತ್ತಿತ್ತು. ಗುಳಿ ಬಿತ್ತೆಂದರೆ ಮತ್ತೆ ಬೆಂಕಿ.

ಒಂದು ದಿನ ಪರದೆಯ ಮೇಲೆ ಅಯಾನುಗಳ ಸಾಲು ಅಚ್ಚುಕಟ್ಟಾಗಿ ಮೂಡಿತು. ಶಿವಲೀಲಾ ಓಡಿಹೋಗಿ ತನ್ನ ಗೈಡ್ ಹಂಪಿಹೊಳಿ ಸರ್ ಅವರನ್ನು ಕರೆತಂದಳು. ಅವರು ನೋಡಿ ಮುಖ ಗಂಟಿಕ್ಕಿದರು. ಹಿಂದೊಬ್ಬ ವಿದ್ಯಾರ್ಥಿ ಯಂತ್ರದ ಅದುರುವಿಕೆಯಿಂದ ಮೂಡಿದ ಗೆರೆಗಳನ್ನೇ ಅಯಾನು ಎಂದು ತೋರಿಸಿ, ದೊಡ್ಡ ಸಭೆಯಲ್ಲಿ ಅವರ ಮರ್ಯಾದೆ ತೆಗೆದಿದ್ದ.

"ಇದೂ ನಡುಕನ. ನಾಳಿಂದ ಮಷಿನ್ ಬ್ಯಾರೇದವ್ರಿಗೆ ಕೊಡ್ತೀನಿ. ನೀ ಬ್ಯಾರೆ ವಿಷಯ ಹುಡುಕ್ಕೋ."

"ನಡುಕ ಆಗಿದ್ರ, ಅಯಾನು ಓಡಿಸಿದ್ರೂ ಸಾಲು ಉಳೀಬೇಕಲ್ರಿ ಸರ್? ಈಗ ಓಡಿಸಿ ತೋರಸ್ತೀನ್ರಿ."

"ಒಮ್ಮಿಗೇ ವೋಲ್ಟೇಜ್ ಇಳಿಸಿದ್ರ ಸೂಜಿ ಬಡೀತೈತಿ. ಮಣಿ ಹಾಳಾಗ್ತದ."

"ಆಗ್ಲಿ ಬಿಡ್ರಿ. ಇಟ್ಕೊಂಡು ಪೂಜಿ ಮಾಡೂದೈತೇನ್ರಿ?"

ನನ್ನ ಎದುರೇ ಆಡಿದ ಮಾತು ಅದು. ಅಂದವಳು ಗುಂಡಿಗೆ ಕೈಹಾಕುವ ಮುನ್ನ ಒಮ್ಮೆ ನನ್ನ ಕಡೆ ನೋಡಿದ್ದರಿಂದ ನಾನು ಸಿಟ್ಟಾಗಲಿಲ್ಲ.

ಅವಳು ವೋಲ್ಟೇಜ್ ಇಳಿಸಿದಳು. ಗಾಯದ ಮೇಲಿನ ಪಟ್ಟಿಯನ್ನು ಒಮ್ಮೆಗೇ ಸೆಳೆದಂತೆ ಅಯಾನುಗಳು ಕಿತ್ತುಹೋದವು. ಪರದೆಯ ಮೇಲೆ ಬೆತ್ತಲೆ ಚಿನ್ನ ಉಳಿಯಿತು, ಸಾಲು ಮಾಯ. ಏರಿಸಿದಳು. ಅವು ಮತ್ತೆ ಬಂದು ಬಿದ್ದವು, ಸಾಲು ಮತ್ತೆ ಮೂಡಿತು.

ಸರ್ ಕುರ್ಚಿ ಎಳೆದು ಕೂತರು. "ಎಲ್ಲಿ, ಇನ್ನೂ ಒತ್ತೊತ್ತಾಗಿ ಕೂಡ್ತಾವೇನು ನೋಡೂಣು," ಎಂದು ತಾವೇ ಗುಂಡಿ ತಿರುಗಿಸಿ ವೋಲ್ಟೇಜ್ ಏರಿಸುತ್ತ ಹೋದರು.

"ಸರ್, ಸಾಕ್ರಿ, ಸಾಕು..."

ಮಿತಿ ದಾಟಿಯಾಗಿತ್ತು. ಅಲ್ಲಿಯವರೆಗೆ ನನ್ನ ಮೇಲೆ ಕೂತಿದ್ದ ಅಯಾನುಗಳೇ ಈಗ ನನ್ನ ಪರಮಾಣುಗಳ ಕುತ್ತಿಗೆ ಹಿಡಿದು ನೀರಿಗೆ ಎಳೆದೊಯ್ದವು. ಮೆಟ್ಟಿಲು ಮೆಟ್ಟಿಲಾಗಿ ಮುಖ ಕುಸಿಯಿತು. ಸೂಜಿ ಬಂದು ಆ ಕುಸಿದ ಗುಳಿಗೇ ನಾಟಿತು. ಪರದೆ ಬೆಳ್ಳಗಾಯಿತು.

"ನಾ ಕೆಡಿಸಿದ್ನೇನವಾ?"

"ಕೆಡಿಸಿದ್ರಿ. ಆದ್ರ ಚಿತ್ರ ಎಲ್ಲಾ ಉಳದಾವ್ರಿ."

ಸರ್ ಬಹಳ ಹೊತ್ತು ಆ ಚಿತ್ರಗಳನ್ನು ನೋಡಿದರು. "ಮಷಿನ್ ನಿನ್ನ ಕಡೆನ ಇರ್ಲಿ. ಹೊಸಾ ಮಣಿ ಮಾಡ್ಕೋ," ಅಂದು ಎದ್ದುಹೋದರು.

ಹೊಸ ಮಣಿ ಬಂತು. ನನ್ನನ್ನೇ ಕರಗಿಸಬಹುದಿತ್ತು, ಚಿನ್ನ ಯಾರೂ ಬಿಸಾಡುವುದಿಲ್ಲ. ಶಿವಲೀಲಾ ಮಾತ್ರ ನನ್ನನ್ನು ಔಷಧಿಯ ಬಾಟಲಿಯೊಂದರಲ್ಲಿ ಹಾಕಿ ಕಪಾಟಿನ ಮೂಲೆಯಲ್ಲಿಟ್ಟಳು. ಇಲ್ಲಿ ಬೆಂಕಿಯಿಲ್ಲ, ಸೂಜಿಯಿಲ್ಲ. ಮೊದಮೊದಲು ಸುಖವೆನಿಸಿತು, ಆಮೇಲೆ ಆ ದಿನವೇ ನೆನಪಾಗತೊಡಗಿತು.

ನನ್ನ ಮೇಲೆ ಅಯಾನುಗಳು ಕೂತಿದ್ದಾಗ ಅವು ಇವೆ ಎಂದು ಯಾರೂ ನಂಬಲಿಲ್ಲ. ಕಿತ್ತು ಎಸೆದ ಮೇಲೆಯೇ ನಂಬಿದರು. ಆ ನೋವು ನಡೆದದ್ದು ನನ್ನ ಮೈಮೇಲೆ. ಅದಕ್ಕೆ ಗುರುತಾಗಿ ಆ ದಿನದ ಗುಳಿಗಳು ಈಗಲೂ ಇವೆ. ಯಾರಾದರೂ ಮತ್ತೆ ಕರಗಿಸಿದರೆ ಅವೂ ಹೋಗುತ್ತವೆ. ಅದೊಂದೇ ನನಗೆ ಇಷ್ಟವಿಲ್ಲ.