ಕೆಳಗಿನ ಮನೆಯ ಎರಡು ಪೆಟ್ಟು

ತಳ ಹಿಡಿದ ಹಾಲಿನ ಪಾತ್ರೆಯನ್ನು ಅವಳು ಉಜ್ಜುತ್ತಿದ್ದಳು. ಅರ್ಧ ಕರಿ ಹೋಗಿತ್ತು, ಇನ್ನರ್ಧ ಬಿಡುವುದೇ ಇಲ್ಲವೆಂದು ಹಟ ಹಿಡಿದಿತ್ತು. ಅಷ್ಟರಲ್ಲಿ ಕರೆಗಂಟೆ. ನೊರೆಗೈಯಲ್ಲೇ ಹೋಗಿ ಬಾಗಿಲು ತೆರೆದರೆ ಕಟ್ಟಡದ ಸೆಕ್ರೆಟರಿ. ಭಾನುವಾರವೂ ಕಂಕುಳಲ್ಲಿ ರಿಜಿಸ್ಟರ್ ಇಟ್ಟುಕೊಂಡೇ ಓಡಾಡುವ ಮನುಷ್ಯ.

"ಮಡಚೋ ಕುರ್ಚಿ ಎಷ್ಟಿವೆ ನಿಮ್ಮಲ್ಲಿ?"

"ನಾಲ್ಕು. ಯಾಕೆ?"

"ನಿಮ್ಮ ಕೆಳಗಿನ ಮನೆಯವರು ಹೋಗಿಬಿಟ್ರಮ್ಮ. ಬೆಳಿಗ್ಗೆ ಎದ್ದು ಟೀ ಕುಡಿದು, ಪೇಪರ್ ಇನ್ನೂ ಬರ್ಲಿಲ್ಲ ಅಂತ ಬೈಕೊಂಡು, ಕೂತಲ್ಲೇ. ಹನ್ನೊಂದಕ್ಕೆ ತಗೊಂಡು ಹೋಗ್ತಾರೆ."

ಅಯ್ಯೋ ಪಾಪ ಎನ್ನಬೇಕಾಗಿದ್ದ ಬಾಯಿಂದ ಬಂದದ್ದು ಬೇರೆಯೇ ಮಾತು. "ನಿನ್ನೆ ಸಂಜೆ ಅವರು... ಓದೋದು ಗೀದೋದು ಏನಾದ್ರೂ ಮಾಡಿದ್ರಾ?"

ಸೆಕ್ರೆಟರಿ ಅವಳನ್ನು ಮೇಲಿಂದ ಕೆಳಗೆ ನೋಡಿದರು. ಸುದ್ದಿ ಕೇಳಿ ತಲೆ ಕೆಟ್ಟಿರಬೇಕೆಂದುಕೊಂಡು, ರಿಜಿಸ್ಟರಿನಲ್ಲಿ 'ಕುರ್ಚಿ ನಾಲ್ಕು' ಎಂದು ಬರೆದು ಹೊರಟುಹೋದರು.

ಹಿಂದೆ ತಿರುಗಿದರೆ ಆರು ವರ್ಷದ ಮಗಳು, ಬಾಯಿತುಂಬ ಪೇಸ್ಟು. "ಅಮ್ಮಾ, ನಾನು ನಿನ್ನೆ ಅವರ ಬಾಗಿಲ ಸಂದೀಲಿ ತೂರಿಸಿ ಬಂದ್ನಲ್ಲ, ಆ ಕಾಗದ..."

"ಮೊದಲು ಬಾಯಿ ಮುಕ್ಕಳಿಸು," ಎಂದಳು ತಾಯಿ. "ಆಮೇಲೆ ಆ ಬಾಯಿ ಮುಚ್ಚಿಕೊಂಡಿರು. ಅಲ್ಲಿಗೆ ಹೋದ್ಮೇಲೆ ಕಾಗದದ ಸುದ್ದಿ ಎತ್ತಕೂಡದು."

*

ಅವಳು ಚೆಲ್ಲೊ ಕಲಿಸುವವಳು. ಪಿಟೀಲಿನ ಜಾತಿಯ, ಮಗಳಿಗಿಂತ ಎತ್ತರದ ಆ ವಾದ್ಯವನ್ನು ಮಂಡಿಗಳ ನಡುವೆ ನಿಲ್ಲಿಸಿಕೊಂಡು, ಫೋನನ್ನು ಪುಸ್ತಕದ ಗುಡ್ಡೆಗೆ ಒರಗಿಸಿ, ಪ್ರತಿ ಭಾನುವಾರ ನಾಲ್ಕಕ್ಕೆ ಆನ್‌ಲೈನಿನಲ್ಲಿ ಒಬ್ಬಳೇ ಕಛೇರಿ ಕೊಡುತ್ತಿದ್ದಳು. ನುಡಿಸುತ್ತಿದ್ದುದು ಸುಮಾರು ನೂರು ವರ್ಷ ಹಿಂದಿನ ಸಂಗೀತ, ಇಪ್ಪತ್ತನೇ ಶತಮಾನ ಆಗಷ್ಟೇ ಕಣ್ಣು ಬಿಡುತ್ತಿದ್ದಾಗಿನದು. ಪಕ್ಕವಾದ್ಯವಿಲ್ಲ. ಒಂದು ರಾಗ ಕೈಗೆ ಸಿಕ್ಕಿತು ಎನ್ನುವಷ್ಟರಲ್ಲಿ ಜಾರಿಕೊಳ್ಳುತ್ತಿತ್ತು. ಮುಗಿಯಿತೆಂದು ಎದ್ದರೆ ಮತ್ತೆ ಶುರುವಾಗುತ್ತಿತ್ತು. ಕೇಳುವವರು ಇಪ್ಪತ್ತಮೂರು ಮಂದಿ. ಅವರಲ್ಲೊಬ್ಬರು ಅವಳ ಚಿಕ್ಕಮ್ಮ. ಸಂಗೀತ ಎಂಥ ಗಂಭೀರ ಜಾಗಕ್ಕೆ ಬಂದಿದ್ದರೂ 'ಊಟ ಆಯ್ತಾ?' ಎಂದು ಬರೆಯದೆ ಇರುತ್ತಿರಲಿಲ್ಲ.

ಕೃತಿ ಮುಗಿದು, ಕೊನೆಯ ಸ್ವರ ಇನ್ನೂ ಗಾಳಿಯಲ್ಲಿರುವಾಗಲೇ ಕೆಳಗಿನಿಂದ ಎರಡು ಪೆಟ್ಟು ಬೀಳುತ್ತಿದ್ದವು. ಟಕ್, ಟಕ್. ಕೆಳಗಿನ ಮನೆಯ ಮುದುಕರು ಜೇಡರ ಬಲೆ ತೆಗೆಯುವ ಕೋಲಿನಿಂದ ಸೂರಿಗೆ ಕುಟ್ಟುತ್ತಿದ್ದರು. ಜೀವಮಾನವೆಲ್ಲ ಲಿಫ್ಟ್ ರಿಪೇರಿ ಮಾಡಿ, ಕೊನೆಗೆ ಲಿಫ್ಟೇ ಇಲ್ಲದ ಕಟ್ಟಡದಲ್ಲಿ ಮನೆ ಮಾಡಿದ್ದವರು. ಮೆಟ್ಟಿಲಲ್ಲಿ ಎದುರಾದರೆ ಗೋಡೆಗೆ ಅಂಟಿಕೊಂಡು ದಾರಿ ಬಿಡುತ್ತಿದ್ದರೇ ಹೊರತು ತುಟಿ ಬಿಚ್ಚುತ್ತಿರಲಿಲ್ಲ.

ಪೆಟ್ಟು ಇಪ್ಪತ್ತಮೂರು ಮಂದಿಗೂ ಕೇಳಿಸುತ್ತಿತ್ತು. 'ಕೊನೆಯ ಆ ಎರಡು ಪೆಟ್ಟು ಮೂಲ ಕೃತಿಯಲ್ಲೇ ಇವೆಯೇ?' ಎಂದು ಒಬ್ಬರು ಕೇಳಿದರು. 'ಇಲ್ಲದೆ ಏನು, ಆ ಕಾಲದವರ ಧೈರ್ಯವೇ ಧೈರ್ಯ' ಎಂದು ಇನ್ನೊಬ್ಬರು ಉತ್ತರಿಸಿದರು. ಅವಳ ಕಮಾನಿನ ಬಗ್ಗೆ ಯಾರೂ ಒಂದಕ್ಷರ ಬರೆದಿರಲಿಲ್ಲ. ಅವತ್ತಿನಿಂದ ಅವಳೂ ಹಿಮ್ಮಡಿಯಿಂದ ನೆಲಕ್ಕೆ ಎರಡು ಸಲ ಗುದ್ದತೊಡಗಿದಳು, ಕೆಳಗಿನವರ ಸೂರಿನ ಸುಣ್ಣ ಉದುರುವ ಹಾಗೆ.

ಮೂರು ವರ್ಷ ಹೀಗೇ ನಡೆಯಿತು. ಕೊನೆಗೆ ತಡೆಯಲಾರದೆ, ಬಟ್ಟೆ ಮಡಚುವ ನಡುವೆ, ಮಗಳ ಮನೆಪಾಠದ ನಡುವೆ, ಐದು ಸಲ ಹರಿದು ಆರನೇ ಸಲಕ್ಕೆ ಆ ಕಾಗದ ಬರೆದಳು. 'ತಮಗೆ ಸಂಗೀತದ ಗಂಧವಿಲ್ಲದಿರಬಹುದು, ಅದು ತಪ್ಪಲ್ಲ. ಆದರೆ ಕೋಲು ತಮ್ಮ ಕೈಯಲ್ಲಿದೆ, ತಪ್ಪು ಅದು.' ಈ ಸಾಲು ಬರೆದಾಗ ತನ್ನ ಬೆನ್ನು ತಾನೇ ತಟ್ಟಿಕೊಂಡಿದ್ದಳು. ಶನಿವಾರ ಸಂಜೆ ಕಾಗದವನ್ನು ಲಕೋಟೆಯಲ್ಲಿಟ್ಟು ಅಂಟಿಸಿ, ಮಗಳ ಕೈಯಲ್ಲಿ ಕೆಳಗೆ ಕಳಿಸಿದಳು.

*

ಅಂಗಳದಲ್ಲಿ ಸುಮಾರು ಇಪ್ಪತ್ತು ಜನ ಸೇರಿದ್ದರು. ಅವಳ ಗಂಡ ಕುರ್ಚಿ ಹಾಕುತ್ತಿದ್ದ. ಶವಪೆಟ್ಟಿಗೆಯನ್ನು ವ್ಯಾನಿಗೆ ಏರಿಸಿದ್ದಾಯಿತು. ತೀರಿಕೊಂಡವರ ಜೊತೆ ಮೂವತ್ತು ವರ್ಷ ಕೆಲಸ ಮಾಡಿದವರೊಬ್ಬರು ಬಂದಿದ್ದರು. ಉದ್ದನೆಯ ಕಾಲು, ಉದ್ದನೆಯ ಕತ್ತು. ಕಂಪನಿಯಲ್ಲಿ ಎಲ್ಲರೂ ಕೊಕ್ಕರೆ ಎಂದೇ ಕರೆಯುತ್ತಿದ್ದರಂತೆ. ಅವರು ವ್ಯಾನಿನ ಹಿಂಬಾಗಿಲು ಮುಚ್ಚಿ, ಅದರ ಮೇಲೆ ಮೆಲ್ಲಗೆ ಎರಡು ಸಲ ತಟ್ಟಿದರು.

ಡ್ರೈವರ್ ಹೊರಟೇಬಿಟ್ಟ.

ಜೊತೆಗೆ ಹೋಗಬೇಕಾದ ಇಪ್ಪತ್ತು ಜನರೂ ಹೂವು ಹಿಡಿದು ನಿಂತಲ್ಲೇ ನಿಂತಿದ್ದರು. ವ್ಯಾನು ತಿರುವು ದಾಟಿತು. ಸೆಕ್ರೆಟರಿ ರಿಜಿಸ್ಟರ್ ಬೀಸುತ್ತ ಹಿಂದೆ ಓಡಿದರು. ಎಲ್ಲರಿಗಿಂತ ಮೊದಲು ನಕ್ಕವರು, ತೀರಿಕೊಂಡವರ ಹೆಂಡತಿ, ಅಷ್ಟು ಹೊತ್ತೂ ಅಳುತ್ತಿದ್ದ ಅಜ್ಜಿಯೇ. "ಬಿಡಿ, ಇವತ್ತೊಂದು ದಿನ ಯಾರಿಗೂ ಕಾಯದೆ ಹೊರಟರು," ಎಂದು ಸೆರಗಿನಿಂದ ಮೂಗೊರೆಸಿಕೊಂಡರು.

ಎಲ್ಲರೂ ಕೊಕ್ಕರೆಯ ಮೇಲೆ ಮುಗಿಬಿದ್ದರು. ಅವರು ನಾಚಿಕೆಯಿಂದ ಕತ್ತನ್ನು ಕಾಲರಿನೊಳಗೆ ಎಳೆದುಕೊಂಡರು.

"ಅಭ್ಯಾಸ ಸ್ವಾಮಿ, ಏನ್ಮಾಡ್ಲಿ. ಲಿಫ್ಟ್ ಓಡಾಡೋ ಬಾವೀಲಿ ಒಬ್ಬ ಮೇಲೆ, ಒಬ್ಬ ಕೆಳಗೆ. ಕೂಗಿದ್ರೆ ಕೇಳಿಸಲ್ಲ, ಆಗೆಲ್ಲಿ ಫೋನು? ಸ್ಪಾನರ್ ತಗೊಂಡು ಕಬ್ಬಿಣಕ್ಕೆ ಕುಟ್ಟೋದು. ಒಂದು ಪೆಟ್ಟಾದ್ರೆ ನಿಲ್ಲಿಸು ಅಂತ. ಎರಡಾದ್ರೆ ಎಲ್ಲ ಸರಿಯಾಗಿದೆ, ಮುಂದುವರಿಸು ಅಂತ. ಅವನೂ ನಾನೂ ಮೂವತ್ತು ವರ್ಷ ಆಡಿದ ಮಾತೇ ಅಷ್ಟು."

ಮೇಲಿನ ಮನೆಯವಳು ಕುರ್ಚಿಯ ಬೆನ್ನು ಹಿಡಿದುಕೊಂಡಳು. ಮೂರು ವರ್ಷದ ಭಾನುವಾರಗಳನ್ನೆಲ್ಲ ಮನಸ್ಸಿನಲ್ಲಿ ಒಂದೊಂದಾಗಿ ತಿರುವಿ ನೋಡಿದಳು. ಒಂದೇ ಒಂದು ಪೆಟ್ಟು ಬಿದ್ದ ದಿನ ಯಾವುದೂ ಸಿಗಲಿಲ್ಲ. ಪಕ್ಕದಲ್ಲಿ ಮಗಳು ಬಾಯಿ ತೆರೆಯುವುದು ಕಂಡಿತು. ಚೀಲದಲ್ಲಿದ್ದ ಬಿಸ್ಕತ್ತನ್ನು ಆ ಬಾಯಿಗೆ ತುರುಕಿದಳು.

*

ಎಲ್ಲ ಮುಗಿಸಿ ಬಂದ ಮೇಲೆ ಅಜ್ಜಿಯ ಮನೆಯಲ್ಲಿ ಟೀ. ಅವಳು ಮೊದಲ ಸಲ ಆ ಬಾಗಿಲು ದಾಟಿದ್ದಳು. ಒಳಗೆ ಕಾಲಿಟ್ಟವಳೇ ನೆಲ ನೋಡಿದಳು, ಕಾಲೊರೆಸು ಸರಿಸಿ ನೋಡಿದಳು. ಇಲ್ಲ. ತಲೆ ಎತ್ತಿದರೆ ಗೋಡೆಯ ಗೂಡಿನಲ್ಲಿ ಅವರ ಕನ್ನಡಕವಿತ್ತು, ಕನ್ನಡಕದ ಕೆಳಗೆ ಅವಳ ಲಕೋಟೆ. ಅಂಟಿಸಿದ ಬದಿ ಕೆಳಗಾಗಿತ್ತು. ಒಡೆದಿದೆಯೋ ಇಲ್ಲವೋ ತಿಳಿಯುವಂತಿರಲಿಲ್ಲ.

ನೀರು ಕುಡಿಯುವ ನೆಪದಲ್ಲಿ ಎದ್ದಳು. ಸೆಕ್ರೆಟರಿ ಹೋಗಿ ಗೂಡಿಗೇ ಒರಗಿ ನಿಂತರು. ಲೋಟ ಇಡುವ ನೆಪದಲ್ಲಿ ಎದ್ದಳು; ಕೊಕ್ಕರೆ ಉದ್ದ ಕಾಲು ಚಾಚಿ ಕೂತಿದ್ದರು. ಮೂರನೇ ಸಲ ಗೂಡಿನ ಬಳಿ ಯಾರೂ ಇರಲಿಲ್ಲ. ಅಜ್ಜಿ ಒಳಗೆ ಟೀ ಸೋಸುತ್ತಿದ್ದರು. ಲಕೋಟೆಯ ಅಂಚಿಗೆ ಅವಳ ಬೆರಳು ತಾಗಿತು. ಎಳೆದು ಚೀಲಕ್ಕೆ ಹಾಕಿಕೊಂಡರೆ ಕೇಳುವವರೇ ಇಲ್ಲ. ಆದರೆ ಕನ್ನಡಕವನ್ನು ಎತ್ತಿ ಪಕ್ಕಕ್ಕಿಡಬೇಕಿತ್ತು. ಅದನ್ನು ಮುಟ್ಟಲು ಕೈ ಬರಲಿಲ್ಲ.

"ಕೂತ್ಕೊಳಮ್ಮ," ಎಂದು ಅಜ್ಜಿ ಟೀ ತಂದು ಅವಳ ಎದುರಿಗೇ ಕೂತರು. "ಇವತ್ತು ನಾಲ್ಕಕ್ಕೆ ನುಡಿಸಲ್ವಾ?"

"ಇಲ್ಲಮ್ಮ. ಬೇಡ ಅಂತ ಎಲ್ಲರಿಗೂ ತಿಳಿಸಿಬಿಟ್ಟೆ."

"ನಂಗೇನು ಗೊತ್ತಾಗುತ್ತೆ ಅದೆಲ್ಲ. ಮೇಲೆ ಬೀರು ಎಳೀತಿದ್ದಾರೆ ಅಂದಿದ್ದೆ ಮೊದಮೊದಲು. ಅವರೇ ಬೈದ್ರು ನನಗೆ. ಭಾರ ಹೊತ್ತ ಹಗ್ಗ ಹೀಗೇ ಹಾಡುತ್ತೆ ಕಣೆ, ಕೇಳು ಅಂದ್ರು. ಭಾನುವಾರ ಮೂರೂವರೆಗೇ ಕೋಲು ತಂದು ಪಕ್ಕದಲ್ಲಿಟ್ಕೊಂಡು ಕೂರೋರು." ಅಜ್ಜಿ ಅವಳ ಕೈಮೇಲೆ ಕೈಯಿಟ್ಟರು. "ನೀನೂ ಮೇಲಿಂದ ಎರಡು ಸಲ ತಿರುಗಿ ಕುಟ್ತಿದ್ದೆಯಲ್ಲ. ಆ ದಿನ ಅವರಿಗೆ ಎರಡು ತುತ್ತು ಹೆಚ್ಚಿಗೆ ಸೇರ್ತಿತ್ತು. ನೋಡಿದ್ಯಾ, ಆ ಹುಡುಗಿಗೆ ನಮ್ಮ ಭಾಷೆ ಗೊತ್ತು ಅಂತಿದ್ರು."

ಅವಳು ಟೀ ಲೋಟ ಕೆಳಗಿಟ್ಟಳು. ಕೇಳಬೇಕಾದ ಒಂದೇ ಮಾತು ನಾಲಿಗೆಯ ತುದಿಯವರೆಗೂ ಬಂದು, ಅಲ್ಲಿಂದ ಮುಂದಕ್ಕೆ ಹೋಗಲಾರದೆ ಕೂತಿತು. ಮಗಳ ಬಾಯಿಗೆ ಇನ್ನೊಂದು ಬಿಸ್ಕತ್ತು ತುರುಕಲೆಂದು ಚೀಲದಲ್ಲಿ ಕೈಯಾಡಿಸಿದಳು. ಪೊಟ್ಟಣ ಖಾಲಿಯಾಗಿತ್ತು.

ಮಗಳು ಬಾಯಲ್ಲಿದ್ದುದನ್ನು ನಿಧಾನವಾಗಿ ನುಂಗಿ, ಎರಡೂ ಕೈಗಳನ್ನು ಲಂಗಕ್ಕೆ ಒರೆಸಿಕೊಂಡು, ಅಜ್ಜಿಯ ಮಂಡಿಗೆ ಒರಗಿ ನಿಂತಳು.

"ಅಜ್ಜಿ, ಅಮ್ಮ ಬರೆದ ಕಾಗದ ತಾತ ಓದಿದ್ರಾ?"